ಹತ್ತು ದಿನದ ಮರಿ ಕೊಟ್ಟ ಲಸಿಕೆ

ಹೆಬ್ಬಾಳಕ್ಕೆ ಬರುತ್ತಿದ್ದ ಆ ಮೊಟ್ಟೆಗಳಿಗೆ ಇಪ್ಪತ್ತೊಂದನೆಯ ದಿನ ಎನ್ನುವುದೇ ಇರಲಿಲ್ಲ. ಕಾವಿಗಿಟ್ಟು ಹತ್ತು ದಿನವಾಗುತ್ತಲೇ ಅವನ್ನು ಹೊರತೆಗೆದು, ಓಡು ಒಡೆದು, ಒಳಗಿನ ಭ್ರೂಣವನ್ನು ಲಸಿಕೆಯ ಕೆಲಸಕ್ಕೆ ಒಯ್ಯುತ್ತಿದ್ದರು. ದನಗಳ ದೊಡ್ಡರೋಗಕ್ಕೆ ಮದ್ದು ಮಾಡಲೆಂದು 1925ರಲ್ಲಿ ಮೈಸೂರು ಸೀರಮ್ ಇನ್‌ಸ್ಟಿಟ್ಯೂಟ್ ಎಂಬ ಹೆಸರಿನಲ್ಲಿ ಶುರುವಾದ ಸಂಸ್ಥೆ ಅದು. ಈ ಶತಮಾನದ ಮೊದಲ ಎರಡು ದಶಕ ಮಲೆನಾಡಿನವರ ತೋಳಿಗೆ ಬಿದ್ದ ಮಂಗನ ಕಾಯಿಲೆಯ ಚುಚ್ಚುಮದ್ದು ತಯಾರಾದದ್ದು ಅಲ್ಲಿಯೇ, ಕೋಳಿಭ್ರೂಣದ ಜೀವಕೋಶಗಳಲ್ಲಿ.

ಚುಚ್ಚಿಸಿಕೊಂಡವರಲ್ಲಿ ಎಷ್ಟೋ ಮಂದಿಗೆ ಕೋಳಿಭ್ರೂಣ ಹೊಸತೇನಲ್ಲ. ಕಾಡಂಚಿನ ಯಾವ ಹಟ್ಟಿಯಲ್ಲಿ ಕಾವುಕೋಳಿ ಇರುವುದಿಲ್ಲ?

ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನ ಕುಂದೂರು ಹೋಬಳಿಯನ್ನೇ ನೋಡಿ. ಸಕಲೇಶಪುರದ ಗುಡ್ಡಗಳ ಸೆರಗಿನಲ್ಲಿರುವ ಕಾಫಿ, ಏಲಕ್ಕಿ, ಗದ್ದೆಗಳ ಸೀಮೆ. ಇಂಥ ಊರುಗಳಲ್ಲಿ ನಾಟಿಕೋಳಿ ಹತ್ತು ಹನ್ನೆರಡು ಮೊಟ್ಟೆ ಇಟ್ಟು ಕಾವಿಗೆ ಬಂದರೆ, ಕುಕ್ಕೆಗೆ ಹುಲ್ಲು ಹಾಸಿ ಅದನ್ನು ಕೂರಿಸುತ್ತಾರೆ. ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಪಕ್ಕದಲ್ಲಿ ಒಂದು ಕಬ್ಬಿಣದ ಚೂರನ್ನೋ ಇದ್ದಲನ್ನೋ ಇಡುವವರೂ ಉಂಟು. ಕಬ್ಬಿಣ ಏನು ಮಾಡುತ್ತದೋ, ಮಲೆನಾಡಿನ ತಂಪು ಮಾತ್ರ ಖಂಡಿತ ಒಂದು ಉಪಕಾರ ಮಾಡುತ್ತದೆ. ಮೊದಲ ಮೊಟ್ಟೆಗೂ ಕೊನೆಯ ಮೊಟ್ಟೆಗೂ ನಡುವೆ ಎರಡು ವಾರದ ಅಂತರವಿದ್ದರೂ ಪಿಳ್ಳೆಗಳೆಲ್ಲ ಹೆಚ್ಚುಕಡಿಮೆ ಒಂದೇ ದಿನ ಹೊರಬರುತ್ತವಲ್ಲ, ಅದು ಹೇಗೆ? ಸುಮಾರು 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಭ್ರೂಣದ ಬೆಳವಣಿಗೆ ನಿಂತುಬಿಡುತ್ತದೆ. ಸಾಯುವುದಿಲ್ಲ, ತಡೆದುಕೊಂಡಿರುತ್ತದೆ. ತಾಯಿ ಪಟ್ಟಾಗಿ ಕೂತು ಮೈಶಾಖ ಕೊಟ್ಟ ದಿನದಿಂದಲೇ ಎಲ್ಲ ಮೊಟ್ಟೆಗಳ ಲೆಕ್ಕ ಒಟ್ಟಿಗೆ ಶುರು. ಬಯಲುಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಮೂಲೆಯಲ್ಲಿಟ್ಟ ಮೊಟ್ಟೆಯೊಳಗೇ ಭ್ರೂಣ ಅರೆಬರೆ ಬೆಳೆದು ಸಾಯುವುದುಂಟು.

ಹಾಗೆ ನೋಡಿದರೆ ಲೆಕ್ಕ ನಿಜವಾಗಿ ಶುರುವಾಗುವುದು ಅದಕ್ಕೂ ಮೊದಲು. ಹಳದಿ ಲೋಳೆ ಅಂಡಾಶಯದಿಂದ ಜಾರಿ, ಬಿಳಿ ಲೋಳೆ ಸುತ್ತಿಕೊಂಡು, ಓಡು ಕಟ್ಟಿಕೊಂಡು ಹೊರಬೀಳಲು 25 ತಾಸು ಹಿಡಿಯುತ್ತದೆ. ಹುಂಜದ ಸಂಗವಾಗಿದ್ದರೆ ಹಾದಿಯ ಆರಂಭದಲ್ಲೇ ಗರ್ಭಕಟ್ಟಿ, ಕೋಶ ವಿಭಜನೆ ನಡೆಯುತ್ತಲೇ ಇರುತ್ತದೆ. ಹುಲ್ಲಿನ ಮೇಲೆ ಬಿದ್ದ ಮೊಟ್ಟೆಯ ಹಳದಿಯ ಮೇಲೆ ಕಾಣುವ ಬಿಳಿ ಚುಕ್ಕೆಯಲ್ಲಿ ಆಗಲೇ ಹತ್ತಾರು ಸಾವಿರ ಕೋಶಗಳಿರುತ್ತವೆ. ಇಟ್ಟ ಮೊಟ್ಟೆಯೆಂದರೆ ಒಂದು ದಿನ ಬೆಳೆದ ಮೊಟ್ಟೆ.

ಇಟಲಿಯ ಬೊಲೋನ್ಯದ ಮಾರ್ಚೆಲ್ಲೊ ಮಾಲ್ಪೀಗಿಯನ್ನು ದಾರಿತಪ್ಪಿಸಿದ್ದು ಇದೇ. ಸೂಕ್ಷ್ಮದರ್ಶಕದಡಿ ಕೋಳಿಭ್ರೂಣವನ್ನು ಮೊದಲು ವಿವರವಾಗಿ ನೋಡಿ ಬರೆದವನು ಅವನು. 1670ರ ದಶಕದ ಆರಂಭದಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಕಳಿಸಿದ ಪ್ರಬಂಧದಲ್ಲಿ, ಕಾವಿಗಿಡದ ಮೊಟ್ಟೆಯಲ್ಲೂ ಮರಿಯ ರೂಪರೇಖೆ ಕಂಡಿತೆಂದು ಬರೆದ. ಮರಿ ಮೊದಲೇ ಪೂರ್ತಿ ರೂಪಗೊಂಡು ಮೊಟ್ಟೆಯಲ್ಲಿ ಮಡಚಿಕೊಂಡಿರುತ್ತದೆ, ಕಾವು ಅದನ್ನು ದೊಡ್ಡದು ಮಾಡುತ್ತದೆ ಅಷ್ಟೇ ಎನ್ನುವ ಪಂಥಕ್ಕೆ ಇದು ದೊಡ್ಡ ಸಾಕ್ಷಿಯಾಯಿತು. ಅವನು ಆ ಮೊಟ್ಟೆಯನ್ನು ಒಡೆದದ್ದು ಆಗಸ್ಟ್ ತಿಂಗಳ ಉರಿಬಿಸಿಲಿನಲ್ಲಿ. ಕೋಳಿ ಕೂರದಿದ್ದರೇನು, ಬೊಲೋನ್ಯದ ಬೇಸಿಗೆಯೇ ಕಾವು ಕೊಟ್ಟಿತ್ತು. ಆ ತಪ್ಪು ತಿಳಿವಳಿಕೆ ನೂರು ವರ್ಷ ಉಳಿಯಿತು. ಹವೆಯ ಶಾಖವನ್ನು ಲೆಕ್ಕಕ್ಕೆ ಹಿಡಿಯದ ವಿಜ್ಞಾನಿಗಿಂತ ಮೊಟ್ಟೆಯನ್ನು ತಂಪು ಮೂಲೆಯಲ್ಲಿ ಎತ್ತಿಡುವ ಹಟ್ಟಿಯ ಹೆಂಗಸಿಗೇ ಈ ವಿಷಯ ಚೆನ್ನಾಗಿ ಗೊತ್ತಿತ್ತು ಎಂದರೆ ತಪ್ಪಾಗದು.

ಮೊದಲ ದಿನ ಆ ಬಿಳಿ ಚುಕ್ಕೆ ಹರಡುತ್ತದೆ, ನಡುವೆ ಒಂದು ಗೆರೆ ಮೂಡುತ್ತದೆ. ಗೆರೆಯ ಮೂಲಕ ಕೋಶಗಳು ಒಳಗಿಳಿದು ಮೂರು ಪದರಗಳಾಗುತ್ತವೆ. ಮೇಲಿನದು ಚರ್ಮ ಮತ್ತು ನರಮಂಡಲಕ್ಕೆ, ನಡುವಿನದು ಮೂಳೆ, ಮಾಂಸ, ರಕ್ತಕ್ಕೆ, ಕೆಳಗಿನದು ಕರುಳು, ಶ್ವಾಸಕೋಶಗಳ ಒಳಪೊರೆಗೆ. ಇದನ್ನು 1817ರಲ್ಲಿ ಜರ್ಮನಿಯ ವ್ಯೂರ್ಟ್ಸ್‌ಬುರ್ಗ್‌ನಲ್ಲಿ ತೋರಿಸಿಕೊಟ್ಟವನು ಕ್ರಿಸ್ಟಿಯನ್ ಪಾಂಡರ್. ಅದಕ್ಕಾಗಿ ಎರಡು ಸಾವಿರಕ್ಕೂ ಹೆಚ್ಚು ಮೊಟ್ಟೆಗಳನ್ನು ಒಡೆದ. ಅವನ ಗೆಳೆಯ ಕಾರ್ಲ್ ಫಾನ್ ಬೇರ್ ಅದೇ ಕೆಲಸ ಮುಂದುವರಿಸಿ 1828ರಲ್ಲಿ ಪುಸ್ತಕ ಪ್ರಕಟಿಸಿದ. ಮನುಷ್ಯನೂ ಸೇರಿ ಬೆನ್ನೆಲುಬಿನ ಪ್ರಾಣಿಗಳೆಲ್ಲ ಹೀಗೆಯೇ ಪದರ ಪದರವಾಗಿ ಶುರುವಾಗುತ್ತವೆ ಎಂಬುದು ಗಟ್ಟಿಯಾದದ್ದು ಅಲ್ಲಿಂದ.

ಎರಡನೆಯ ದಿನ, ಒಂದೂವರೆ ದಿನದ ಆಸುಪಾಸಿನಲ್ಲಿ, ಹೃದಯ ಬಡಿಯಲು ತೊಡಗುತ್ತದೆ. ಇನ್ನೂ ಅದು ನಾಲ್ಕು ಕೋಣೆಗಳ ಹೃದಯವಲ್ಲ, ಬಾಗಿದ ಒಂದು ಕೊಳವೆ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಅರಿಸ್ಟಾಟಲ್ ಬರಿಗಣ್ಣಿನಿಂದ ಮೊಟ್ಟೆ ಒಡೆದು ನೋಡುತ್ತಿದ್ದವನು. ಮೂರು ಹಗಲು ಮೂರು ರಾತ್ರಿ ಕಳೆದ ಮೇಲೆ ಮಿಡಿಯುವ ರಕ್ತದ ಚುಕ್ಕೆ ಕಾಣುತ್ತದೆ ಎಂದು ಬರೆದಿಟ್ಟ. ಹತ್ತನೆಯ ದಿನಕ್ಕೆ ಮರಿಯ ಎಲ್ಲ ಅಂಗಗಳೂ ಸ್ಪಷ್ಟವಾಗುತ್ತವೆ ಎಂದೂ ಗುರುತಿಸಿದ. ಆ ಹತ್ತನೆಯ ದಿನವನ್ನು ನೆನಪಿಟ್ಟುಕೊಳ್ಳಿ. ಎರಡು ಸಾವಿರ ವರ್ಷದ ಮೇಲೆ ಇಂಗ್ಲೆಂಡಿನ ವಿಲಿಯಂ ಹಾರ್ವೆ ನಾಲ್ಕೈದು ದಿನದ ಮೊಟ್ಟೆಯ ಓಡು ಸುಲಿದು, ಉಗುರುಬೆಚ್ಚನೆಯ ತಿಳಿನೀರಿಗೆ ಬಿಟ್ಟ. ಸೂಜಿಮೊನೆಯಷ್ಟು ಕೆಂಪು ಬಿಂದು ಕುಗ್ಗಿದಾಗ ಮಾಯವಾಗಿ, ಹಿಗ್ಗಿದಾಗ ಮತ್ತೆ ತೋರುವುದು ಕಂಡಿತು. ರಕ್ತ ಮೈಯೆಲ್ಲ ಸುತ್ತುತ್ತದೆ ಎಂದು ವಾದಿಸಿದ 1628ರ ಅವನ ಪುಸ್ತಕದಲ್ಲಿ ಈ ಬಿಂದುವಿನ ಮಾತೂ ಬರುತ್ತದೆ.

ಐದರಿಂದ ಏಳನೆಯ ದಿನದೊಳಗೆ ಕತ್ತಲಲ್ಲಿ ಮೊಟ್ಟೆಯ ಹಿಂದೆ ಬ್ಯಾಟರಿ ಹಿಡಿದರೆ ಸುತ್ತ ಕಾಲು ಚಾಚಿದ ಜೇಡನಂಥ ನೆರಳು ಕಾಣುತ್ತದೆ. ನಡುವಿನ ಕಪ್ಪು ಚುಕ್ಕೆ ಭ್ರೂಣ, ಕಾಲುಗಳು ರಕ್ತನಾಳಗಳು. ಬೆಳಕು ಅಡೆತಡೆಯಿಲ್ಲದೆ ತೂರಿ ಬಂದರೆ ಮೊಟ್ಟೆಯಲ್ಲಿ ಏನೂ ಕಟ್ಟಿಲ್ಲ. ಅಷ್ಟು ಹೊತ್ತಿಗೆ ರೆಕ್ಕೆ ಕಾಲುಗಳ ಮೊಳಕೆ ಮೂಡಿರುತ್ತದೆ, ಕಣ್ಣಿಗೆ ಬಣ್ಣ ಬಂದಿರುತ್ತದೆ. ಭ್ರೂಣದ ಹೊಟ್ಟೆಯಿಂದ ಹೊರಟ ಒಂದು ಚೀಲ ದಿನೇದಿನೇ ಉಬ್ಬಿ ಓಡಿನ ಒಳಮೈಗೆ ಹತ್ತಿಕೊಳ್ಳುತ್ತದೆ. ಮೂತ್ರಕೋಶವೂ ಶ್ವಾಸಾಂಗವೂ ಅದೇ. ಓಡಿನಲ್ಲಿರುವ ಸುಮಾರು 10,000 ಸೂಕ್ಷ್ಮ ರಂಧ್ರಗಳಿಂದ ಬರುವ ಗಾಳಿಯನ್ನು ಈ ಪೊರೆಯ ರಕ್ತನಾಳಗಳು ಹೀರುತ್ತವೆ. ಓಡಿನ ಸುಣ್ಣವನ್ನು ಕರಗಿಸಿ ಮರಿಯ ಮೂಳೆಗೆ ಸಾಗಿಸುವುದೂ ಇದೇ ಪೊರೆ. ಕೊಕ್ಕಿನ ತುದಿಯಲ್ಲಿ ಓಡು ಒಡೆಯುವ ಹಲ್ಲು ಏಳುತ್ತದೆ, ಮೈಮೇಲೆ ಪುಕ್ಕದ ಗುಳ್ಳೆಗಳು ಸಾಲುಗಟ್ಟುತ್ತವೆ. ಹತ್ತನೆಯ ದಿನ ಭ್ರೂಣದ ತೂಕ ಎರಡು ಗ್ರಾಂಗಿಂತ ಚೂರು ಹೆಚ್ಚು. ನೋಡಿದರೆ ಹಕ್ಕಿಯೇ.

ಮುಂದಿನ ಹನ್ನೊಂದು ದಿನ ಕುಕ್ಕೆಯ ಮೊಟ್ಟೆಗಳಿಗೆ ಮಾತ್ರ ಸೇರಿದ್ದು. ತುಪ್ಪಳ ಬರುತ್ತದೆ, ತಲೆ ಮೊಟ್ಟೆಯ ದಪ್ಪ ತುದಿಯತ್ತ ತಿರುಗುತ್ತದೆ. ಬಿಳಿ ಲೋಳೆ ಮುಗಿದು, ಉಳಿದ ಹಳದಿ ಹತ್ತೊಂಬತ್ತು ಇಪ್ಪತ್ತನೆಯ ದಿನ ಹೊಟ್ಟೆಯೊಳಗೆ ಸೇರುತ್ತದೆ. ಹುಟ್ಟಿದ ಪಿಳ್ಳೆ ಎರಡು ದಿನ ಏನೂ ತಿನ್ನದೆ ಬದುಕುವುದು ಆ ಬುತ್ತಿಯಿಂದ. ಇಪ್ಪತ್ತನೆಯ ದಿನ ಕೊಕ್ಕು ದಪ್ಪ ತುದಿಯಲ್ಲಿರುವ ಗಾಳಿಕೋಣೆಯ ಪೊರೆಯನ್ನು ತೂತು ಮಾಡಿ ಮೊದಲ ಉಸಿರು ಎಳೆಯುತ್ತದೆ, ಒಳಗಿಂದಲೇ ಚೀಂಗುಡುತ್ತದೆ. ಮಾರನೆಯ ದಿನ ಓಡು ಬಿರಿಯುತ್ತದೆ.

ಹತ್ತನೆಯ ದಿನಕ್ಕೆ ಬೆಲೆ ಬಂದದ್ದು 1931ರಲ್ಲಿ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಆಲಿಸ್ ವುಡ್ರಫ್ ಮತ್ತು ಅರ್ನೆಸ್ಟ್ ಗುಡ್‌ಪ್ಯಾಶ್ಚರ್ ಓಡಿನಲ್ಲಿ ಕಿಟಕಿ ಕೊರೆದು, ಉಸಿರಾಟದ ಆ ಪೊರೆಯ ಮೇಲೆ ಕೋಳಿಸಿಡುಬಿನ ವೈರಾಣುವನ್ನು ಬೆಳೆಸಿದರು. ವೈರಾಣುವಿಗೆ ಜೀವಂತ ಕೋಶವೇ ಬೇಕು. ಅಲ್ಲಿಯವರೆಗೆ ಅದನ್ನು ಬೆಳೆಸಬೇಕಾದರೆ ಹೆಚ್ಚಾಗಿ ಪ್ರಾಣಿಯ ಮೈಯನ್ನೇ ಹುಡುಕಬೇಕಿತ್ತು. ಭ್ರೂಣವಾದರೋ ಅಗ್ಗ, ಓಡಿನೊಳಗೆ ಸ್ವಚ್ಛವಾಗಿರುತ್ತದೆ, ಅದರ ಕೋಶಗಳು ಬಿರುಸಿನಿಂದ ವಿಭಜಿಸುತ್ತಿರುತ್ತವೆ. ಅದಕ್ಕಿಂತ ಮುಖ್ಯ, ರೋಗನಿರೋಧಕ ಶಕ್ತಿ ಇನ್ನೂ ಬಂದಿರುವುದಿಲ್ಲವಾದ್ದರಿಂದ ಒಳನುಗ್ಗಿದ ವೈರಾಣುವಿನೊಡನೆ ಅದು ಹೋರಾಡುವುದಿಲ್ಲ. ಈ ದಾರಿ ಹಿಡಿದೇ ಮ್ಯಾಕ್ಸ್ ಥೈಲರ್ 1930ರ ದಶಕದಲ್ಲಿ ಕೋಳಿಭ್ರೂಣದ ಅಂಗಾಂಶದಲ್ಲಿ ಹಳದಿ ಜ್ವರದ ವೈರಾಣುವನ್ನು ಪಳಗಿಸಿ ಲಸಿಕೆ ಮಾಡಿ, 1951ರ ನೊಬೆಲ್ ಪಡೆದ. 1952ರಲ್ಲಿ ರೆನಾಟೊ ಡುಲ್ಬೆಕೊ ಭ್ರೂಣದ ಕೋಶಗಳನ್ನು ಬಿಡಿಬಿಡಿಯಾಗಿಸಿ ಗಾಜಿನ ಮೇಲೆ ಒಂದೇ ಪದರವಾಗಿ ಹರಡಿ, ಅದರಲ್ಲಿ ವೈರಾಣುಗಳನ್ನು ಎಣಿಸುವ ವಿಧಾನ ಕಂಡುಹಿಡಿದ.

ಅದೇ 1952ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರ ತೆರೆದವು. ಐದು ವರ್ಷದೊಳಗೇ ಅದಕ್ಕೆ ಕರ್ನಾಟಕದಿಂದ ಕರೆ ಬಂತು.

1957ರ ಆರಂಭ. ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸಿಯಗಳೂ ಮಂಗಗಳೂ ಸತ್ತು ಬೀಳತೊಡಗಿದವು. ಬೆನ್ನಿಗೇ ಸೌದೆಗೆ, ಸೊಪ್ಪಿಗೆ, ದನ ಮೇಯಿಸಲು ಕಾಡಿಗೆ ಹೋದವರು ಜ್ವರ ಹಿಡಿದು ಮಲಗಿದರು. ತಡೆಯಲಾರದ ತಲೆನೋವು, ಮೈಕೈ ನೋವು, ವಾಂತಿ, ಕೆಲವರಿಗೆ ಮೂಗು ಒಸಡುಗಳಿಂದ ರಕ್ತ. ದಕ್ಷಿಣ ಅಮೆರಿಕದಲ್ಲಿ ಕಾಡುಕೋತಿಗಳ ಸಾವು ಹಳದಿ ಜ್ವರದ ಮುನ್ಸೂಚನೆ. ಅದೇ ಏಷ್ಯಕ್ಕೆ ಕಾಲಿಟ್ಟಿತೇ ಎಂಬ ದಿಗಿಲು ಪುಣೆಯಲ್ಲಿ ಹುಟ್ಟಿತು. ಕೇಂದ್ರದ ನಿರ್ದೇಶಕ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮತ್ತು ಭಾರತೀಯ ಸಹೋದ್ಯೋಗಿಗಳು ಸೊರಬಕ್ಕೆ ಬಂದರು. ರೋಗಿಗಳ ಮತ್ತು ಸತ್ತ ಮಂಗಗಳ ಮಾದರಿಯಲ್ಲಿ ಸಿಕ್ಕ ವೈರಾಣು ಹಳದಿ ಜ್ವರದ್ದಲ್ಲ, ಸೈಬೀರಿಯದ ಕಾಡುಗಳಲ್ಲಿ ಮಿದುಳು ಜ್ವರ ತರುವ ವೈರಾಣುವಿನ ಸಂಬಂಧಿ. ಹಬ್ಬಿಸುವುದು ಸೊಳ್ಳೆಯಲ್ಲ, ಕಾಡಿನ ಉಣ್ಣೆ. ಜನರ ಬಾಯಲ್ಲಿ ಇದೇ ಮಂಗನ ಕಾಯಿಲೆ.

ರಷ್ಯದ ವೈರಾಣುವಿನ ನೆಂಟ ಸೊರಬಕ್ಕೆ ಬಂದದ್ದು ಹೇಗೆ? ವಲಸೆ ಹಕ್ಕಿಗಳ ಮೇಲೆ ಅನುಮಾನ ಹೋಯಿತು. ಸಲೀಂ ಅಲಿಯವರ ಮುಂದಾಳತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸ ಕೈಗೊಂಡದ್ದಕ್ಕೆ ಇದೂ ಒಂದು ಕಾರಣ. ಹಕ್ಕಿಗಳ ಮೇಲಿನ ಆರೋಪ ಸಾಬೀತಾಗಲಿಲ್ಲ. ಭಾರತದ ಪಕ್ಷಿಶಾಸ್ತ್ರಕ್ಕೆ ಮಾತ್ರ ಲಾಭವಾಯಿತು.

ಲಸಿಕೆಯ ಮೊದಲ ಯತ್ನ ನಂಟಸ್ತಿಕೆಯನ್ನೇ ನಂಬಿತ್ತು. ರಷ್ಯದ ಮಿದುಳು ಜ್ವರದ ವೈರಾಣುವನ್ನು ಇಲಿಮರಿಗಳ ಮಿದುಳಿನಲ್ಲಿ ಬೆಳೆಸಿ, ಫಾರ್ಮಲಿನ್ ಹಾಕಿ ಕೊಂದು ಅಮೆರಿಕದಲ್ಲಿ ತಯಾರಿಸಿದ್ದ ಲಸಿಕೆಯನ್ನು ಶಿವಮೊಗ್ಗದ ಹಳ್ಳಿಗರಿಗೆ ಚುಚ್ಚಿದರು. ಕ್ಯಾಸನೂರಿನ ರೋಗ ಅದಕ್ಕೆ ಜಗ್ಗಲಿಲ್ಲ. ಇಲ್ಲಿಯ ವೈರಾಣುವಿನಿಂದಲೇ ಲಸಿಕೆ ಆಗಬೇಕಿತ್ತು. ಮಿದುಳಿನ ಅಂಗಾಂಶ ಬೆರೆತ ಲಸಿಕೆ ಕೆಲವರ ನರಮಂಡಲಕ್ಕೇ ಕುತ್ತು ತರಬಲ್ಲದಾದ್ದರಿಂದ ಬೇರೆ ಕೋಶವನ್ನು ಹುಡುಕಬೇಕಿತ್ತು. 1960ರ ದಶಕದ ನಡುವೆ ಮನ್‌ಶರಮಣಿ, ದಂಡವತೆ, ಕೃಷ್ಣಮೂರ್ತಿ ಮುಂತಾದವರು ಕೋಳಿಭ್ರೂಣದ ಕೋಶಗಳಲ್ಲಿ ಕ್ಯಾಸನೂರು ವೈರಾಣುವನ್ನು ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿ ಲಸಿಕೆ ಮಾಡಿದರು.

ಮಾಡುವ ಕ್ರಮ ಹೇಳಲು ಸುಲಭ, ಮಾಡಲು ನಾಜೂಕು. 37.5 ಡಿಗ್ರಿಯಲ್ಲಿಟ್ಟ ಮೊಟ್ಟೆಗಳನ್ನು ಹತ್ತನೆಯ ದಿನ ಬೆಳಕಿಗೆ ಹಿಡಿದು, ಭ್ರೂಣ ಮಿಸುಕುತ್ತಿದೆಯೇ, ನಾಳಗಳು ಗಟ್ಟಿಯಾಗಿವೆಯೇ ನೋಡುತ್ತಾರೆ. ದಪ್ಪ ತುದಿಗೆ ಆಲ್ಕೋಹಾಲ್ ಸವರಿ ಓಡಿನ ಮುಚ್ಚಳ ಎಬ್ಬಿಸಿ, ಇಕ್ಕಳದಿಂದ ಭ್ರೂಣವನ್ನು ಕತ್ತಿನ ಬಳಿ ಹಿಡಿದು ಎತ್ತುತ್ತಾರೆ. ತಲೆ, ಕಾಲು, ಒಳಾಂಗಗಳನ್ನು ತೆಗೆದುಹಾಕಿ ಉಳಿದ ಮೈಯನ್ನು ಕತ್ತರಿಯಿಂದ ಸಣ್ಣಗೆ ಕೊಚ್ಚುತ್ತಾರೆ. ಟ್ರಿಪ್ಸಿನ್ ಎಂಬ ಜೀರ್ಣರಸದಲ್ಲಿ ಅದನ್ನು ಮೆಲ್ಲನೆ ಕಲಕಿದರೆ ಕೋಶಗಳನ್ನು ಹಿಡಿದಿಟ್ಟ ಅಂಟು ಬಿಡುತ್ತದೆ. ತೆಳು ಬಟ್ಟೆಯಲ್ಲಿ ಸೋಸಿದಾಗ ಇಳಿಯುವ ಮಬ್ಬು ದ್ರವದಲ್ಲಿ ಒಂದೊಂದು ಭ್ರೂಣದಿಂದ ಕೋಟಿ ಲೆಕ್ಕದ ಕೋಶಗಳು. ಪೋಷಕ ದ್ರವದೊಡನೆ ಬಾಟಲಿಗೆ ಹಾಕಿ ಮಲಗಿಸಿಟ್ಟರೆ ಒಂದೆರಡು ದಿನದಲ್ಲಿ ಅವು ತಳಕ್ಕೆ ಹತ್ತಿಕೊಂಡು ಹಾಸು ಕಟ್ಟುತ್ತವೆ. ಆ ಹಾಸಿನ ಮೇಲೆ ವೈರಾಣುವನ್ನು ಬಿಟ್ಟು, ಅದು ಹೆಚ್ಚಿದ ಮೇಲೆ ದ್ರವವನ್ನು ಬಸಿದು ಫಾರ್ಮಲಿನ್ ಬೆರೆಸುತ್ತಾರೆ. ಇಲಿಮರಿಗೆ ಚುಚ್ಚಿ, ಬದುಕಿದ ವೈರಾಣು ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡ ನಂತರವೇ ಸೀಸೆಗೆ. ವೈರಾಣುವಿನೊಡನೆ ಮಾಡುವ ಈ ಕೆಲಸದ ಅಪಾಯವೂ ಸಣ್ಣದಲ್ಲ. ಕ್ಯಾಸನೂರು ವೈರಾಣುವನ್ನು ನಿಭಾಯಿಸುತ್ತಿದ್ದ ಪ್ರಯೋಗಾಲಯಗಳ ಸಿಬ್ಬಂದಿಯಲ್ಲೇ ಹಲವರು ಈ ಜ್ವರಕ್ಕೆ ಬಿದ್ದಿದ್ದಾರೆ.

ಲಸಿಕೆ ಕೈಗೆ ಬಂದರೂ ಊರಿಗೆ ಬರಲಿಲ್ಲ. ರೋಗ ಕಾಯಲಿಲ್ಲ. 1970ರ ದಶಕದಲ್ಲಿ ಅದು ಶಿವಮೊಗ್ಗ ಜಿಲ್ಲೆಯ ಗಡಿ ದಾಟಿತು. 1982–83ರಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ತೋಟಕ್ಕೆಂದು ಕಾಡು ಕಡಿದಲ್ಲಿ ಸ್ಫೋಟಿಸಿ ಸಾವಿರಕ್ಕೂ ಹೆಚ್ಚು ಮಂದಿಯನ್ನು ಮಲಗಿಸಿತು. ಕೋಳಿಭ್ರೂಣದ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಮೂರು ಜಿಲ್ಲೆಗಳಲ್ಲಿ ಪರೀಕ್ಷಿಸಿದ್ದು 1990ರಿಂದ 92ರವರೆಗೆ. ಒಂದು ಡೋಸಿಗೆ ಶೇ. 79.3, ಎರಡು ಡೋಸಿಗೆ ಶೇ. 93.5 ರಕ್ಷಣೆ ಸಿಕ್ಕಿತೆಂದು ವರದಿಯಾಯಿತು. ಮೊದಲು ಶಿವಮೊಗ್ಗದಲ್ಲಿ, ಆಮೇಲೆ ಹೆಬ್ಬಾಳದಲ್ಲಿ ತಯಾರಿಕೆ ನಡೆಯಿತು. ಪ್ರಯೋಗಾಲಯದಿಂದ ಹಳ್ಳಿಗೆ ಬರಲು ಕಾಲು ಶತಮಾನ ಹಿಡಿದದ್ದಕ್ಕೆ ಕೋಳಿಯನ್ನಂತೂ ದೂರುವಂತಿಲ್ಲ. ಸಾಯುವವರು ಕಾಡಂಚಿನ ಕೂಲಿಗಳು, ಸಣ್ಣ ರೈತರು. ಅವರ ರೋಗಕ್ಕೆ ಮದ್ದು ಮಾಡಿ ಲಾಭ ಎಣಿಸುವ ಕಂಪನಿ ಯಾವುದಿತ್ತು?

ಹಳ್ಳಿಯಲ್ಲಿ ಕಷ್ಟ ಬೇರೆಯೇ ಇತ್ತು. ತಿಂಗಳ ಅಂತರದಲ್ಲಿ ಎರಡು ಡೋಸು, ಆರರಿಂದ ಒಂಬತ್ತು ತಿಂಗಳಿಗೆ ಮೂರನೆಯದು, ಆಮೇಲೆ ಐದು ವರ್ಷ ವರ್ಷಕ್ಕೊಂದು. ಚುಚ್ಚಿದ ಜಾಗ ಸಿಕ್ಕಾಪಟ್ಟೆ ನೋಯುತ್ತಿತ್ತು. ಅಡಿಕೆ ಕೊಯ್ಲಿನ ಕಾಲದಲ್ಲಿ ತೋಳು ಊದಿಸಿಕೊಂಡು ಕೂಲಿ ಕಳೆದುಕೊಂಡವನು ಮುಂದಿನ ಡೋಸಿಗೆ ಬರುವುದೆಲ್ಲಿ? 2005ರಿಂದ 2010ರವರೆಗಿನ ದಾಖಲೆಗಳನ್ನು ಪರಿಶೀಲಿಸಿದವರಿಗೆ ಎರಡು ಡೋಸಿನ ಪರಿಣಾಮ ಶೇ. 62.4, ಬೂಸ್ಟರ್ ಪಡೆದವರಲ್ಲಿ ಶೇ. 82.9 ಎಂದು ಕಂಡಿತು. ಮೊದಲಿನ ಅಂಕಿಗಳಿಗೆ ಹೋಲಿಸಿದರೆ ಇಳಿಕೆ ಎದ್ದು ಕಾಣುತ್ತದೆ. 1957ರಲ್ಲಿ ಪ್ರತ್ಯೇಕಿಸಿದ ವೈರಾಣು ತಳಿಯನ್ನೇ ಉದ್ದಕ್ಕೂ ನೆಚ್ಚಿಕೊಂಡಿದ್ದರು. 2012ರಲ್ಲಿ ರೋಗ ಬಂಡೀಪುರದಲ್ಲಿ ಕಾಣಿಸಿತು. ಆಮೇಲೆ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ತತ್ತರಿಸಿತು. ಲಸಿಕೆಯ ಸಾಮರ್ಥ್ಯ ಸಾಲದೆಂಬ ಕಾರಣಕ್ಕೆ 2022ರಲ್ಲಿ ಅದನ್ನು ನಿಲ್ಲಿಸಿದರು.

ಹೀಗೆ ನಿಂತದ್ದಕ್ಕೆ ಕೋಳಿಭ್ರೂಣವೇ ಹಳೆಯದಾಯಿತು ಎಂದುಕೊಳ್ಳುವುದು ಅನ್ಯಾಯ. ಜಗತ್ತಿನ ಫ್ಲೂ ಲಸಿಕೆಯ ದೊಡ್ಡ ಪಾಲು ಇಂದಿಗೂ ಹತ್ತು ಹನ್ನೊಂದು ದಿನದ ಮೊಟ್ಟೆಯಲ್ಲೇ ಬೆಳೆಯುತ್ತದೆ. ಹಳದಿ ಜ್ವರದ ಲಸಿಕೆಗೂ ಕೋಳಿಭ್ರೂಣವೇ ಆಧಾರ. ಅಲ್ಲೆಲ್ಲ ರೋಗಮುಕ್ತ ಕೋಳಿ ಹಿಂಡು, ಸತತ ಪರೀಕ್ಷೆ, ಬೇಕಾದಲ್ಲಿ ತಳಿಯ ಬದಲಾವಣೆ, ಇದಕ್ಕೆಲ್ಲ ತಕ್ಕ ಹಣ ಇದೆ. ಮಂಗನ ಕಾಯಿಲೆಯ ಲಸಿಕೆಗೆ ಅಷ್ಟು ಆರೈಕೆ ಸಿಗಲಿಲ್ಲ.

ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಹೊಸ ಲಸಿಕೆಯ ಕೆಲಸ ಕೈಗೆತ್ತಿಕೊಂಡಿವೆ. ಅದು ಊರು ತಲುಪುವವರೆಗೆ ಸಹ್ಯಾದ್ರಿಯ ಕಾಡಂಚಿನವರಿಗೆ ಉಳಿದಿರುವುದು ಎಚ್ಚರವೊಂದೇ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ತೊಟ್ಟು, ಉಣ್ಣೆ ಹತ್ತದಂತೆ ಎಣ್ಣೆ ಸವರಿಕೊಂಡು ಹೋಗಿ. ಬಂದೊಡನೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯಿರಿ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ.